ಗೋಧಿ ಹೊಲದ ನಡುವೆ ಒಂದು ಖಬರಸ್ಥಾನ

ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಅಮೆರಿಕದ ಮೊದಲ ಮಸೀದಿಯ ಬಗ್ಗೆ ಹೇಳಿದರು. ಅದು ಇದ್ದದ್ದು ನ್ಯೂಯಾರ್ಕಿನಲ್ಲೂ ಅಲ್ಲ, ಷಿಕಾಗೋದಲ್ಲೂ ಅಲ್ಲ. ಕೆನಡಾ ಗಡಿಗೆ ಹತ್ತಿರವಾದ ನಾರ್ತ್ ಡಕೋಟಾ ರಾಜ್ಯದ ರಾಸ್ ಎಂಬ ಹಳ್ಳಿಯಲ್ಲಿ 1929ರಲ್ಲಿ ಮುಸ್ಲಿಮ್ ರೈತರು ಕಟ್ಟಿದ್ದು ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಮನೆಗೆ ಬಂದ ಮೇಲೆ ಆ ಹಳ್ಳಿ ತಲೆಯಿಂದ ಹೋಗಲಿಲ್ಲ. ಗೋಧಿ ಬೆಳೆಯುವ, ವರ್ಷದಲ್ಲಿ ಐದಾರು ತಿಂಗಳು ಹಿಮ ಹೊದ್ದುಕೊಂಡಿರುವ ಆ ಬಯಲಿಗೆ ಅರಬರು ಯಾಕೆ ಹೋದರು? ಹೋದವರು ಈಗ ಎಲ್ಲಿದ್ದಾರೆ? ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆವು. ಓದಿದಷ್ಟೂ ಆ ದಿನದ ಚಪ್ಪಾಳೆ ನಮಗೆ ಸ್ವಲ್ಪ ಮುಜುಗರ ತಂದಿತು.

ರಾಸ್ ಈಗಲೂ ಇದೆ. ಹೆದ್ದಾರಿ 2ರಲ್ಲಿ ಮೈನಾಟ್ ಎಂಬ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ, ಜಿಲ್ಲಾ ಕೇಂದ್ರವಾದ ಸ್ಟ್ಯಾನ್ಲಿ ದಾಟಿದ ಮೇಲೆ ಸಿಗುತ್ತದೆ. ಜನಸಂಖ್ಯೆ ನೂರರೊಳಗೆ. ನಮ್ಮ ಕಡೆ ಇದನ್ನು ಹಳ್ಳಿ ಎಂದು ಸಹ ಕರೆಯುವುದಿಲ್ಲ, ನಾಲ್ಕು ಮನೆಯ ಕೇರಿ ಎನ್ನುತ್ತೇವೆ. ರೈಲು ಹಳಿ, ಹಳಿಯ ಮಗ್ಗುಲಲ್ಲಿ ಧಾನ್ಯ ತುಂಬುವ ಎತ್ತರದ ಕಣಜ, ಕೆಲವು ಬೀದಿಗಳು. ಅದರಾಚೆ ಕಣ್ಣು ಹರಿದಷ್ಟೂ ನೆಲ. ಬೆಟ್ಟವಿಲ್ಲ, ಕಾಡಿಲ್ಲ, ಗಾಳಿಗೆ ಅಡ್ಡ ನಿಲ್ಲುವ ಯಾವುದೂ ಇಲ್ಲ. ಈ ಬಗೆಯ ಹುಲ್ಲುಬಯಲನ್ನೇ ಅಲ್ಲಿ ಪ್ರೇರಿ ಎನ್ನುವುದು.

ಊರು ಹುಟ್ಟಿದ್ದು ರೈಲಿನಿಂದ. 1887ರಲ್ಲಿ ಜೇಮ್ಸ್ ಹಿಲ್ ಎಂಬ ರೈಲು ಉದ್ಯಮಿಯ ಕಂಪೆನಿ ಮೈನಾಟ್‌ನಿಂದ ಪಶ್ಚಿಮಕ್ಕೆ ಮೊಂಟಾನಾದವರೆಗೆ ಒಂದೇ ಬೇಸಿಗೆಯಲ್ಲಿ ನೂರಾರು ಮೈಲಿ ಹಳಿ ಹಾಕಿತು. ಮುಂದೆ ಗ್ರೇಟ್ ನಾರ್ದರ್ನ್ ಎಂದು ಹೆಸರಾದ ಮಾರ್ಗ ಇದು. ಹಳಿ ಬಂತು, ಆದರೆ ರೈಲಿನಲ್ಲಿ ಸಾಗಿಸಲು ಅಲ್ಲಿ ಏನೂ ಇರಲಿಲ್ಲ. ಜನ ಬರಬೇಕು, ಉಳಬೇಕು, ಗೋಧಿ ಬೆಳೆಯಬೇಕು, ಆಗಲೇ ಕಂಪೆನಿಗೆ ಬಾಡಿಗೆ. ಹಾಗಾಗಿ ಹಳಿಯುದ್ದಕ್ಕೂ ಎತ್ತಿನ ಬಂಡಿಗೆ ಎಟುಕುವ ದೂರಕ್ಕೊಂದರಂತೆ ನಿಲ್ದಾಣಗಳು ಹುಟ್ಟಿಕೊಂಡವು. ಒಂದು ಕಣಜ, ಒಂದು ಅಂಗಡಿ, ಒಂದು ಅಂಚೆಕಚೇರಿ. ರಾಸ್ ಅಂಥದ್ದರಲ್ಲಿ ಒಂದು.

ಜನರನ್ನು ಕರೆದ ಕಾನೂನು ಅದಕ್ಕೂ ಹಿಂದಿನದು, 1862ರ ಹೋಮ್‌ಸ್ಟೆಡ್ ಕಾಯಿದೆ. ಇಪ್ಪತ್ತೊಂದು ತುಂಬಿದ ಯಾರೇ ಆಗಲಿ, ಮದುವೆಯಾಗದ ಹೆಣ್ಣಾದರೂ ಸರಿ, 160 ಎಕರೆ ಸರಕಾರಿ ಜಮೀನಿಗೆ ಅರ್ಜಿ ಹಾಕಬಹುದಿತ್ತು. ಶುಲ್ಕ ಎಲ್ಲ ಸೇರಿ ಹದಿನೆಂಟು ಡಾಲರು. ಜಮೀನಿನ ಮೇಲೆ ಮನೆ ಕಟ್ಟಿ, ಐದು ವರ್ಷ ಅಲ್ಲೇ ವಾಸವಿದ್ದು, ಉಳುಮೆ ಮಾಡಿ ತೋರಿಸಿದರೆ ಹಕ್ಕುಪತ್ರ. 1912ರಲ್ಲಿ ಐದು ವರ್ಷ ಮೂರಕ್ಕೆ ಇಳಿಯಿತು. ಅರ್ಜಿದಾರ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಪ್ರಜೆಯಾಗುತ್ತೇನೆಂದು ಬರೆದುಕೊಟ್ಟಿರಬೇಕು. ಎರಡು ಎಕರೆಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ಕಂಡ ನಮಗೆ 160 ಎಕರೆ ಕೇಳಿದರೆ ತಲೆ ತಿರುಗುತ್ತದೆ. ಬೇಕಾ ಕಣಿವೆಯ ರೈತರಿಗೂ ಹಾಗೇ ಆಗಿರಬೇಕು.

ಆ ನೆಲ ಖಾಲಿ ಇತ್ತೇ ಎಂಬ ಪ್ರಶ್ನೆಯನ್ನು ಇಲ್ಲಿ ಹಾರಿಸಿಕೊಂಡು ಹೋಗುವುದು ನ್ಯಾಯವಲ್ಲ. ಅಸಿನಿಬೋಯಿನ್ ಜನ ಆ ಬಯಲಿನಲ್ಲಿ ಕಾಡೆಮ್ಮೆ ಬೇಟೆಯಾಡುತ್ತಿದ್ದರು. ದಕ್ಷಿಣಕ್ಕೆ ಮಿಸೌರಿ ನದಿಯ ದಂಡೆಯಲ್ಲಿ ಮಂಡನ್, ಹಿಡಾಟ್ಸಾ, ಅರಿಕಾರಾ ಜನ ಮುಸುಕಿನ ಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದರು. ಬಿಳಿಯರು ಅಲ್ಲಿಗೆ ಉಳುಮೆ ತಂದರು ಎಂಬ ಮಾತು ಅರ್ಧ ಸುಳ್ಳು. ಆ ಹೆಣ್ಣುಮಕ್ಕಳು ನೂರಾರು ವರ್ಷ ಹಿಂದೆಯೇ ಬೇಸಾಯ ಬಲ್ಲವರು. ಕಾಡೆಮ್ಮೆಗಳ ಹಿಂಡು 1880ರ ದಶಕದ ಆರಂಭಕ್ಕೆ ಮುಗಿದೇಹೋಯಿತು. ಒಪ್ಪಂದದಲ್ಲಿ ಕೊಟ್ಟಿದ್ದ ನೆಲವನ್ನು ಸರಕಾರ 1870ರಲ್ಲಿ, 1880ರಲ್ಲಿ ಮತ್ತೆ ಮತ್ತೆ ಕತ್ತರಿಸಿತು. 1910ರಲ್ಲಿ ಅವರಿಗೆ ಉಳಿದಿದ್ದ ಫೋರ್ಟ್ ಬರ್ಥೋಲ್ಡ್ ಮೀಸಲು ಪ್ರದೇಶದ ಒಂದು ಭಾಗವನ್ನೂ ವಲಸಿಗರಿಗೆ ತೆರೆದಿಟ್ಟಿತು. ರಾಸ್ ಇರುವ ಮೌಂಟ್ರೇಲ್ ಜಿಲ್ಲೆಯಲ್ಲೇ ಆ ಮೀಸಲು ಪ್ರದೇಶದ ಭಾಗವೂ ಇದೆ. 1950ರ ಸುಮಾರಿಗೆ ಗ್ಯಾರಿಸನ್ ಅಣೆಕಟ್ಟು ಕಟ್ಟಿದಾಗ ಆ ಮೂರು ಜನಾಂಗಗಳ ಫಲವತ್ತಾದ ನದಿದಂಡೆಯೆಲ್ಲ ಮುಳುಗಿತು. ನಾರ್ವೆಯಿಂದ ಬಂದವರು, ಜರ್ಮನರು, ನಮ್ಮ ಅರಬ ಮುಸ್ಲಿಮರು, ಎಲ್ಲರೂ ಪಡೆದ ಹಕ್ಕುಪತ್ರಗಳ ಕೆಳಗೆ ಈ ಕಥೆ ಇದೆ. ಆ ಬಡ ರೈತರಿಗೆ ಇದೆಲ್ಲ ಎಷ್ಟು ಗೊತ್ತಿತ್ತೋ. ನಮಗೆ ಗೊತ್ತಿದೆ.

ಬಂದವರ ಊರು ಬೀರೆ, ರಫೀದ್. ಇಂದಿನ ಲೆಬನಾನಿನ ಬೇಕಾ ಕಣಿವೆಯಲ್ಲಿ, ರಶಯ್ಯಾ ಕಡೆಯ ಹಳ್ಳಿಗಳು ಇವು. ಆಗ ಅದೆಲ್ಲ ತುರ್ಕಿ ಸುಲ್ತಾನರ ಆಡಳಿತದ ಸಿರಿಯಾ. ಆದ್ದರಿಂದ ಅಮೆರಿಕದ ಕಾಗದಪತ್ರಗಳಲ್ಲಿ ಅವರು ಒಂದೆಡೆ ತುರ್ಕರು, ಇನ್ನೊಂದೆಡೆ ಸಿರಿಯನ್ನರು. ಖಬರಸ್ಥಾನದ ಹೆಸರಿನಲ್ಲಂತೂ ಅಸ್ಸೀರಿಯನ್ ಎಂದೇ ಇದೆ. ಅಸ್ಸೀರಿಯನ್ನರು ಬೇರೆಯೇ ಜನ, ಕ್ರೈಸ್ತರು. ಹೆಸರು ತಪ್ಪಾದರೂ ಅವರು ಅದನ್ನೇ ಇಟ್ಟುಕೊಂಡರು.

ಮೊದಲು ಬಂದವರಲ್ಲಿ ಹಸನ್ ಜುಮಾ ಮತ್ತು ಅವರ ಹೆಂಡತಿ ಮೇರಿ ಜುಮಾ ಇದ್ದರು. ಈ ದಂಪತಿಯ ಕಥೆ ನಮಗೆ ತಿಳಿದಿರುವುದು ಒಂದು ಆಕಸ್ಮಿಕದಿಂದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಬರಹಗಾರರಿಗೆ ಅಮೆರಿಕದ ಸರಕಾರ ಒಂದು ಕೆಲಸ ಕೊಟ್ಟಿತು: ಊರೂರಿಗೆ ಹೋಗಿ ಸಾಮಾನ್ಯ ಜನರ ಬದುಕನ್ನು ಬರೆದು ತರುವುದು. ಆ ಯೋಜನೆಯವರು 1939ರಲ್ಲಿ ರಾಸ್‌ನ ಅರಬ ರೈತರನ್ನು ಮಾತಾಡಿಸಿದರು. ಎಪ್ಪತ್ತರ ಹತ್ತಿರದ ಮೇರಿ ಜುಮಾ ಹೇಳಿದ್ದನ್ನೂ ಬರೆದುಕೊಂಡರು. ಕಥೆ ಬರೆದು ಹೊಟ್ಟೆ ಹೊರೆಯುವುದು ಕಷ್ಟವೆಂದು ಬಲ್ಲ ನಮಗೆ, ಹಸಿದ ಬರಹಗಾರರಿಗೆ ಇಂಥ ಕೆಲಸ ಕೊಟ್ಟ ಸರಕಾರದ ಮೇಲೆ ಅಸೂಯೆಯೂ ಆಗುತ್ತದೆ, ಗೌರವವೂ ಹುಟ್ಟುತ್ತದೆ.

ಮೇರಿ ಜುಮಾ ಹೇಳಿದ ಪ್ರಕಾರ ಅವರು 1899ರಲ್ಲಿ ಇದ್ದುದನ್ನು ಮಾರಿ, ಸಾಲ ಮಾಡಿ ಊರು ಬಿಟ್ಟರು. ಫ್ರಾನ್ಸ್ ದಾಟಿ, ಕೆನಡಾದ ಮಾಂಟ್ರಿಯಲ್‌ಗೆ ಹಡಗು. ಅಲ್ಲಿಂದ ಅಮೆರಿಕದ ನೆಬ್ರಾಸ್ಕಾ. ನೆಬ್ರಾಸ್ಕಾದಲ್ಲಿ ಕುದುರೆಗಾಡಿಯಲ್ಲಿ ಸಾಮಾನು ತುಂಬಿಕೊಂಡು ಹಳ್ಳಿ ತಿರುಗಿ ಮಾರಾಟ. ಸಿರಿಯಾದಿಂದ ಬಂದ ಮುಸ್ಲಿಮರಿಗೂ ಕ್ರೈಸ್ತರಿಗೂ ಆ ದಿನಗಳಲ್ಲಿ ಹೊಟ್ಟೆಪಾಡು ಇದೇ. ಸೂಜಿ, ದಾರ, ಗುಂಡಿ, ರಿಬ್ಬನ್ನು, ಲೇಸು, ಬಾಚಣಿಗೆ. ಕೈಯಲ್ಲಿ ಕಾಸಿದ್ದವನಿಗೆ ಗಾಡಿ, ಇಲ್ಲದವನಿಗೆ ಬೆನ್ನ ಮೇಲಿನ ಗಂಟು. ಇಂಗ್ಲಿಷು ಹತ್ತು ಮಾತು ಬಂದರೆ ವ್ಯಾಪಾರ ನಡೆಯುತ್ತಿತ್ತು. ಪೇಟೆಯಿಂದ ಮೈಲಿಗಟ್ಟಲೆ ದೂರವಿದ್ದ ರೈತನ ಹೆಂಡತಿಗೆ ಆ ಗಂಟೇ ಅಂಗಡಿ. ಕತ್ತಲಾದರೆ ಅವರ ಕೊಟ್ಟಿಗೆಯಲ್ಲೋ ಅಡುಗೆಮನೆಯ ನೆಲದ ಮೇಲೋ ಮಲಗಲು ಜಾಗ. ನಮ್ಮ ಮಲಾರದ ಬಳೆಗಾರರನ್ನೂ, ತಲೆಯ ಮೇಲೆ ಬಟ್ಟೆಗಂಟು ಹೊತ್ತು ಮನೆಮನೆಗೆ ಬರುತ್ತಿದ್ದವರನ್ನೂ ಕಂಡವರಿಗೆ ಈ ಬದುಕು ಹೊಸದೆನಿಸುವುದಿಲ್ಲ.

ನೆಬ್ರಾಸ್ಕಾದಿಂದ ಉತ್ತರಕ್ಕೆ ಬಂದ ಜುಮಾ ದಂಪತಿ 1902ರ ಸುಮಾರಿಗೆ ರಾಸ್ ಬಳಿ ಜಮೀನು ಹಿಡಿದರು. ಎಲ್ಲರೂ ಹಿಡಿಯುತ್ತಿದ್ದರು, ಇವರೂ ಹಿಡಿದರು. ಮರುವರ್ಷ ಹುಟ್ಟಿದ ಮಗನಿಗೆ ಚಾರ್ಲ್ಸ್ ಎಂದು ಹೆಸರಿಟ್ಟರು. ಆ ಪಶ್ಚಿಮ ಭಾಗದಲ್ಲಿ ಹುಟ್ಟಿದ ಮೊದಲ ಸಿರಿಯನ್ ಮಗು ತನ್ನದೇ ಎಂದು ತಾಯಿ ಹೆಮ್ಮೆಯಿಂದ ನೆನೆದಿದ್ದಾರೆ. ಬಳಿಕ ಊರಿನವರು, ನೆಂಟರು ಒಬ್ಬೊಬ್ಬರಾಗಿ ಬಂದರು. ಹೆಚ್ಚಿನವರು ಒಂಟಿ ಗಂಡಸರು. ನಾಲ್ಕು ಕಾಸು ಮಾಡಿಕೊಂಡು ವಾಪಸು ಹೋಗುವ ಲೆಕ್ಕಾಚಾರದವರು ಅವರಲ್ಲಿ ಬಹಳ.

ಮೊದಲ ವರ್ಷಗಳ ಕಷ್ಟ ಕಲ್ಪಿಸಿಕೊಳ್ಳುವುದು ಸುಲಭವಲ್ಲ. ಮರವೇ ಇಲ್ಲದ ಕಡೆ ಮನೆ ಕಟ್ಟುವುದು ಹೇಗೆ? ಕೆಲವರು ಹುಲ್ಲು ಬೇರುಸಮೇತ ಇಟ್ಟಿಗೆಯಂತೆ ಕಡಿದ ಮಣ್ಣಿನ ಹೆಂಟೆಗಳಿಂದ ಗೋಡೆ ಎಬ್ಬಿಸಿದರು. ಕೆಲವರು ರೈಲಿನಲ್ಲಿ ಬಂದ ಹಲಗೆ ತಂದು ಒಂದೇ ಕೋಣೆ ಹೊಡೆದು ಮೇಲೆ ಡಾಂಬರು ಕಾಗದ ಹೊದಿಸಿದರು. ಉರುವಲಿಗೆ ನೆಲದಲ್ಲಿ ಸಿಗುವ ಕಂದು ಕಲ್ಲಿದ್ದಲು. ಸಾವಿರಾರು ವರ್ಷ ಹಿಂದೆ ಹಿಮನದಿಗಳು ಬಿಟ್ಟುಹೋದ ಕಲ್ಲುಗಳು ಹೊಲದ ತುಂಬ. ಪ್ರತಿ ವಸಂತದಲ್ಲೂ ಕಲ್ಲು ಆರಿಸುವುದೇ ಮೊದಲ ಕೆಲಸ. ಹೊಸದಾಗಿ ಒಡೆದ ನೆಲಕ್ಕೆ ಮೊದಲು ಅಗಸೆ ಹಾಕುತ್ತಿದ್ದರು, ಬಳಿಕ ಗೋಧಿ. ಒಕ್ಕಣೆಯ ಯಂತ್ರ ಬಂದಾಗ ಸುತ್ತಲಿನ ನಾರ್ವೆಯವರು, ಜರ್ಮನರು, ಅರಬರು ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗುತ್ತಿದ್ದರು. ಅಲ್ಲಿನ ಸಮಾಜ ಕಟ್ಟಿಕೊಂಡದ್ದೇ ಹೀಗೆ.

ಇನ್ನು ದೀನಿನ ವಿಷಯ. ಇಮಾಮರಿಲ್ಲ, ಮದ್ರಸವಿಲ್ಲ. ಹಲವರಿಗೆ ಓದು ಬರಹವೂ ಇರಲಿಲ್ಲ. ಮಸೀದಿ ಕಟ್ಟುವ ಮೊದಲು ಒಬ್ಬೊಬ್ಬರ ಮನೆಯಲ್ಲಿ ನಮಾಝ್ ನಡೆಯುತ್ತಿತ್ತು, ರಮಝಾನಿನ ಉಪವಾಸ ಮುಗಿದ ಮೇಲೆ ಮನೆಯಿಂದ ಮನೆಗೆ ಹೋಗಿ ಊಟ ಮಾಡುತ್ತಿದ್ದೆವು ಎಂದು ಮೇರಿ ಜುಮಾ ಹೇಳಿದ್ದಾರೆ. ನಾವು ಕುತೂಹಲಕ್ಕೆ ಹಿಜ್ರಿ ಪಂಚಾಂಗ ನೋಡಿದೆವು. 1917ರಲ್ಲಿ ರಮಝಾನ್ ಶುರುವಾದದ್ದು ಜೂನ್ ಕೊನೆಯ ಭಾಗದಲ್ಲಿ. ಆ ಅಕ್ಷಾಂಶದಲ್ಲಿ ಆಗ ಸೂರ್ಯನೇ ಹದಿನಾರು ಗಂಟೆ ಆಕಾಶದಲ್ಲಿರುತ್ತಾನೆ. ಸಹರಿಯಿಂದ ಇಫ್ತಾರಿನವರೆಗೆ ಹದಿನೆಂಟು ಗಂಟೆಗೂ ಮೇಲೆ. ಅದು ಬೇಸಾಯದ ಬಿರುಸಿನ ಕಾಲ. ನೀರಿಲ್ಲದೆ, ನೆರಳಿಲ್ಲದೆ, ಕುದುರೆಗಳ ಹಿಂದೆ. ಈದ್‌ಗೆ ಮನೆಮನೆಯ ಊಟ ಎಂಬ ಆ ಎರಡು ಮಾತನ್ನು ಈ ಲೆಕ್ಕದ ಜೊತೆ ಇಟ್ಟು ಓದಬೇಕು.

ಪೌರತ್ವದ ದಾರಿಯೂ ಸಲೀಸಾಗಿರಲಿಲ್ಲ. ಅಂದಿನ ಅಮೆರಿಕದ ಕಾನೂನಿನಂತೆ ವಲಸಿಗರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರು ಮಾತ್ರ ಪ್ರಜೆಗಳಾಗಬಹುದಿತ್ತು. ಸಿರಿಯನ್ನರು ಬಿಳಿಯರೋ ಅಲ್ಲವೋ? ಒಂದು ನ್ಯಾಯಾಲಯ ಹೌದು ಎಂದರೆ ಇನ್ನೊಂದು ಅಲ್ಲ ಎಂದಿತು. 1915ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಹೌದು ಎಂದ ಮೇಲೆ ಅವರಿಗೆ ಉಸಿರಾಡುವಂತಾಯಿತು. ಇದೇ ಪ್ರಶ್ನೆ ನಮ್ಮವರ ಬಗ್ಗೆಯೂ ಎದ್ದಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ ಎಂದು ತೀರ್ಪಿತ್ತಿತು, ಅದಾಗಲೇ ಪ್ರಜೆಗಳಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳಲಾಯಿತು. ಬೀರೆಯ ರೈತ ಗೆರೆಯ ಆ ಕಡೆ, ಪಂಜಾಬಿನ ರೈತ ಈ ಕಡೆ. ಸಿರಿಯನ್ನರ ವಾದಗಳಲ್ಲಿ ತಾವು ಏಸುವಿನ ನಾಡಿನವರು ಎಂಬುದೂ ಒಂದಾಗಿತ್ತು. ಆ ವಾದ ಹೂಡಿದವರು ಹೆಚ್ಚಾಗಿ ಕ್ರೈಸ್ತರು. ಅರಬ ಮುಸ್ಲಿಮರ ಬಗ್ಗೆ ಅನುಮಾನ ಉಳಿದೇ ಇತ್ತು. 1942ರಲ್ಲೂ ಮಿಷಿಗನ್ನಿನ ಒಬ್ಬ ನ್ಯಾಯಾಧೀಶರು ಯಮನಿನ ಮುಸ್ಲಿಮರೊಬ್ಬರಿಗೆ ಪೌರತ್ವ ನಿರಾಕರಿಸಿದರು.

ಹೆಸರುಗಳ ವಿಷಯದಲ್ಲಿ ಜನ ತಾವೇ ಒಂದು ದಾರಿ ಕಂಡುಕೊಂಡರು. 1939ರ ದಾಖಲೆಯಲ್ಲಿ ಮೈಕ್ ಅಬ್ದಲ್ಲಾ ಎಂಬವರಿದ್ದಾರೆ. ಮೈಕ್ ಎಂಬುದು ನೆರೆಯ ನಾರ್ವೆಯವನ ನಾಲಿಗೆಗೆ, ಅಬ್ದಲ್ಲಾ ಎಂಬುದು ತನಗೆ. ಅದೇ ದಾಖಲೆಯಲ್ಲಿ ಮಸೀದಿಗೆ ಬಳಸಿರುವ ಪದ ಚರ್ಚ್. ನಮ್ಮ ಚರ್ಚ್ ಎಂದೇ ಮೇರಿ ಜುಮಾರ ಮಾತು ದಾಖಲಾಗಿದೆ. ನಮ್ಮಲ್ಲಿ ಕೆಲವರಿಗೆ ಇದನ್ನು ಓದಿ ಕಸಿವಿಸಿಯಾಗಬಹುದು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಹೋದ ನಮಗೆ ಅಷ್ಟೇನೂ ಆಗಲಿಲ್ಲ. ಉರುಸಿಗೆ ಜಾತ್ರೆ ಎಂದೂ, ಈದ್‌ಗೆ ಹಬ್ಬ ಎಂದೂ ಹೇಳಿಯೇ ನಾವು ಪಕ್ಕದ ಬೆಂಚಿನ ಗೆಳೆಯರಿಗೆ ನಮ್ಮ ಮನೆಯನ್ನು ಪರಿಚಯ ಮಾಡಿಸಿದ್ದು.

ಈಗ ಮಸೀದಿಗೆ ಬರೋಣ. 1929ರಲ್ಲಿ ಕಟ್ಟಿದ್ದು ನಿಜ. ಅದೇ ವರ್ಷ ಆ ಹಳಿಯ ಮೇಲೆ ಎಂಪೈರ್ ಬಿಲ್ಡರ್ ಎಂಬ ವೈಭವದ ರೈಲು ಓಡಲು ಶುರುವಾಯಿತು, ಇಂದಿಗೂ ಆ ಹೆಸರಿನ ರೈಲು ಸ್ಟ್ಯಾನ್ಲಿಯಲ್ಲಿ ನಿಲ್ಲುತ್ತದೆ. ಆ ರೈಲಿನ ಕಿಟಕಿಯಿಂದ ನೋಡಿದವರಿಗೆ ಈ ಮಸೀದಿ ಒಂದು ಮಸೀದಿಯೆಂದು ಗೊತ್ತಾಗುವ ಸಂಭವವೇ ಇರಲಿಲ್ಲ. ಮಿನಾರವಿಲ್ಲ, ಗುಂಬಜವಿಲ್ಲ. ಅರ್ಧ ನೆಲದೊಳಗೆ ಇಳಿದ, ಮೇಲೆ ತಗ್ಗಾದ ಚಾವಣಿ ಹೊದಿಸಿದ ಒಂದು ನೆಲಮಾಳಿಗೆ. ಪ್ರೇರಿಯ ಬಡ ಊರುಗಳಲ್ಲಿ ಚರ್ಚುಗಳನ್ನೂ ಹೀಗೆ ಕಟ್ಟುವ ರೂಢಿಯಿತ್ತು: ಮೊದಲು ನೆಲ ಅಗೆದು ನೆಲಮಾಳಿಗೆ ಮಾಡಿ, ಅದಕ್ಕೊಂದು ಚಾವಣಿ ಹಾಕಿ ಪ್ರಾರ್ಥನೆ ಶುರು ಮಾಡುವುದು, ಎರಡು ಒಳ್ಳೆಯ ಬೆಳೆ ಬಂದ ಮೇಲೆ ಮೇಲಿನ ಕಟ್ಟಡ ಎಬ್ಬಿಸುವುದು. ನೆಲದೊಳಗಿನ ಕೋಣೆ ಆ ಚಳಿಗೆ ಬೆಚ್ಚಗೂ ಇರುತ್ತದೆ. ರಾಸ್‌ನವರೂ ಹೀಗೆಯೇ ನೆಲದ ಕೆಳಗಿನಿಂದ ಆರಂಭಿಸಿದರು. ಮೇಲಿನ ಕಟ್ಟಡ ಕೊನೆಗೂ ಏಳಲಿಲ್ಲ.

ಇದು ಮೊದಲ ಮಸೀದಿಯೇ? ಮಿಷಿಗನ್ ರಾಜ್ಯದ ಹೈಲ್ಯಾಂಡ್ ಪಾರ್ಕ್‌ನಲ್ಲಿ, ಫೋರ್ಡ್ ಕಾರು ಕಾರ್ಖಾನೆಯ ಕಾರ್ಮಿಕರಿದ್ದ ಕಡೆ, 1921ರಲ್ಲೇ ಒಂದು ಮಸೀದಿ ಕಟ್ಟಲಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಯಿತು. ಅಯೋವಾದ ಸೀಡರ್ ರ್‍ಯಾಪಿಡ್ಸ್‌ನಲ್ಲಿ 1934ರಲ್ಲಿ ಕಟ್ಟಿದ್ದು ಇಂದಿಗೂ ನಿಂತಿದೆ. ಹಾಗಾಗಿ ಅದನ್ನು ಮಾತೃ ಮಸೀದಿ ಎನ್ನುತ್ತಾರೆ. ಗಡಿಯಾಚೆ ಕೆನಡಾದ ಎಡ್ಮಂಟನ್‌ನಲ್ಲಿ 1938ರಲ್ಲಿ ತೆರೆದ ಅಲ್ ರಶೀದ್ ಮಸೀದಿಗೆ ಹಿಲ್ವೀ ಹಮ್ದೂನ್ ಎಂಬ ಹೆಣ್ಣುಮಗಳ ಮುಂದಾಳುತನದಲ್ಲಿ ಅಂಗಡಿ ಅಂಗಡಿ ಹತ್ತಿ ದೇಣಿಗೆ ಎತ್ತಿದರು, ಯಹೂದಿಗಳೂ ಕ್ರೈಸ್ತರೂ ಕೊಟ್ಟರು. ಅದರ ಉದ್ಘಾಟನೆಗೆ ಬಂದವರು ಕುರ್‌ಆನಿನ ಇಂಗ್ಲಿಷ್ ಅನುವಾದಕರೆಂದು ನಮ್ಮ ಮನೆಮನೆಗೂ ಪರಿಚಯವಿರುವ ಅಬ್ದುಲ್ಲಾ ಯೂಸುಫ್ ಅಲಿ. ಹೀಗೆ ಒಂದೊಂದು ಊರಿಗೂ ಒಂದೊಂದು ಮೊದಲು ಇದೆ. ಆದರೆ ನಾವು ಚಪ್ಪಾಳೆ ತಟ್ಟಿದ್ದು ಆ ಮೊದಲು ಎಂಬ ಪದಕ್ಕೆ. ನೆಲ ಅಗೆದ ಆ ಕೈಗಳು ಆ ಸಭೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಅವರು ನೆಲ ಅಗೆದ ಹೊತ್ತಿಗೆ ಬಾಗಿಲು ಆಗಲೇ ಮುಚ್ಚಿತ್ತು. 1924ರ ವಲಸೆ ಕಾಯಿದೆ ಒಂದೊಂದು ದೇಶಕ್ಕೂ ಒಂದೊಂದು ಮಿತಿ ಹಾಕಿತು. ಸಿರಿಯಾ ಮತ್ತು ಲೆಬನಾನಿಗೆ ಸಿಕ್ಕಿದ್ದು ವರ್ಷಕ್ಕೆ ನೂರರ ಆಸುಪಾಸು ಜನ. ಇಡೀ ಅಮೆರಿಕಕ್ಕೆ ನೂರು. ರಾಸ್‌ಗೆ ಎಷ್ಟು ಬರಬೇಕು? ಊರಿನಿಂದ ಇನ್ನು ಮದುಮಗಳು ಬರುವಂತಿಲ್ಲ, ತಮ್ಮ ಬರುವಂತಿಲ್ಲ, ಅಲಿಫ್ ಬೇ ಕಲಿಸಬಲ್ಲ ಒಬ್ಬ ಮೌಲವಿಯೂ ಬರುವಂತಿಲ್ಲ. ಆ ಊರಿನ ಜಮಾಅತ್ ಮುಗಿದದ್ದಕ್ಕೆ ಈ ಒಂದು ಕಾಯಿದೆಯಷ್ಟು ದೊಡ್ಡ ಕಾರಣ ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ. ಅದನ್ನು ಬರೆದವರಿಗೆ ರಾಸ್ ಎಂಬ ಹಳ್ಳಿ ಇದೆಯೆಂದೂ ಗೊತ್ತಿರಲಿಕ್ಕಿಲ್ಲ.

ಬಳಿಕ ಆಕಾಶವೂ ಮುನಿಯಿತು. ಮೂವತ್ತರ ದಶಕವಿಡೀ ಬರ, ಧೂಳು. ಗೋಧಿಯ ಬೆಲೆ ನೆಲ ಕಚ್ಚಿತು. 1936 ಎಂಬ ಒಂದು ವರ್ಷವನ್ನು ನೋಡಿ. ಫೆಬ್ರವರಿ 15ರಂದು ಮೌಂಟ್ರೇಲ್ ಜಿಲ್ಲೆಯದೇ ಆದ ಪಾರ್ಷಲ್‌ನಲ್ಲಿ ಶೂನ್ಯಕ್ಕಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ದಾಖಲಾಯಿತು. ಜುಲೈ 6ರಂದು ಅದೇ ರಾಜ್ಯದ ಸ್ಟೀಲ್ ಎಂಬ ಊರಿನಲ್ಲಿ 49 ಡಿಗ್ರಿ ಬಿಸಿಲು. ಎರಡೂ ರಾಜ್ಯದ ದಾಖಲೆಗಳು, ನಡುವೆ ಐದು ತಿಂಗಳ ಅಂತರ ಸಹ ಇಲ್ಲ. ನಾರ್ತ್ ಡಕೋಟಾದಲ್ಲಿ 1930ರಲ್ಲಿ ಇದ್ದ ಜನ 6,80,845. ಆ ಸಂಖ್ಯೆಯನ್ನು ಮತ್ತೆ ಮುಟ್ಟಲು ರಾಜ್ಯಕ್ಕೆ ಸುಮಾರು 80 ವರ್ಷ ಬೇಕಾಯಿತು. ಸಾವಿರಾರು ರೈತರು ಸಾಲಕ್ಕೆ ಜಮೀನು ಬಿಟ್ಟು ಹೋದರು. ನಾರ್ವೆಯವರ ಚರ್ಚುಗಳಿಗೂ ಬೀಗ ಬಿತ್ತು, ಶಾಲೆಗಳೂ ಮುಚ್ಚಿದವು. ನಮ್ಮ ಮಸೀದಿಯ ಮೇಲಿನ ಕಟ್ಟಡ ಏಳದೆ ಹೋದದ್ದು ಈ ದೊಡ್ಡ ಕಥೆಯ ಒಂದು ಸಾಲು ಮಾತ್ರ.

ಇಷ್ಟಾಗಿಯೂ 1939ರಲ್ಲಿ ಮೇರಿ ಜುಮಾ, ಬದುಕನ್ನು ಮತ್ತೊಮ್ಮೆ ಬದುಕುವುದಾದರೆ ಇನ್ನೂ ಬೇಗ ಅಮೆರಿಕಕ್ಕೆ ಬರುತ್ತಿದ್ದೆ ಎಂಬ ಅರ್ಥದ ಮಾತಾಡಿದ್ದಾರೆ. ಆ ಬರ, ಆ ಧೂಳು ಎಲ್ಲ ಕಂಡ ಮೇಲೆ! ನಾವು ಅದನ್ನು ಎರಡು ಸಲ ಓದಿದೆವು. ಆ ಹೆಂಗಸಿನ ಮೇಲೆ ನಮ್ಮ ಮರುಕವನ್ನು ಹೇರುವ ಹಕ್ಕು ನಮಗಿಲ್ಲವೆಂದು ಆಮೇಲೆ ಅನಿಸಿತು.

ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಅರಬಿ ಮೊದಲು ಬಾಯಿಂದ ಹೋಯಿತು, ಆಮೇಲೆ ಕಿವಿಯಿಂದಲೂ. ಹುಡುಗರು ಸೇನೆಗೆ ಸೇರಿದರು. ಖಬರಸ್ಥಾನದ ಕೆಲವು ಕಲ್ಲುಗಳ ಮೇಲೆ ಆ ಸೇವೆಯ ಗುರುತಿದೆ. ಮದುವೆಯ ವಯಸ್ಸು ಬಂದಾಗ ಸುತ್ತಮುತ್ತ ಇದ್ದವರು ಲೂಥರನ್ ಹುಡುಗಿಯರು, ಲೂಥರನ್ ಹುಡುಗರು. ಒಕ್ಕಣೆಯಲ್ಲಿ ಜೊತೆ ದುಡಿದವರ ಮಕ್ಕಳು, ಶಾಲೆಯಲ್ಲಿ ಜೊತೆ ಕೂತವರು. ಮದುವೆಗಳಾದವು. ಬಹುಪಾಲು ಮೊಮ್ಮಕ್ಕಳು ಚರ್ಚಿಗೆ ಹೋದರು. ಟ್ರ್ಯಾಕ್ಟರು ಬಂದು ಹತ್ತು ಜನರ ಕೆಲಸ ಒಬ್ಬನಿಂದ ಆಗುವಾಗ ಉಳಿದವರು ಮೈನಾಟ್, ವಿಲ್ಲಿಸ್ಟನ್, ಅದರಾಚೆಯ ನಗರಗಳ ದಾರಿ ಹಿಡಿದರು. ಮಸೀದಿಯಲ್ಲಿ ನಮಾಝಿಗೆ ಸಾಲು ಕಟ್ಟುವಷ್ಟು ಜನ ಇಲ್ಲದಾಯಿತು. ಚಾವಣಿ ಸೋರಿತು. 1970ರ ದಶಕದ ಕೊನೆಯಲ್ಲಿ ಪಾಳುಬಿದ್ದ ಆ ಕಟ್ಟಡವನ್ನು ಕೆಡವಿದರು.

ಮಸೀದಿ ಕೆಡವಿದರು ಎಂಬ ಮಾತಿಗೆ ನಮ್ಮ ದೇಶದಲ್ಲಿ 1992ರ ಡಿಸೆಂಬರಿನಿಂದೀಚೆಗೆ ಒಂದೇ ಅರ್ಥ. ಆ ಎರಡು ಪದ ಒಟ್ಟಿಗೆ ಕಂಡೊಡನೆ ನಾವು ಗುಂಪನ್ನು ಹುಡುಕುತ್ತೇವೆ, ಘೋಷಣೆಯನ್ನು ಹುಡುಕುತ್ತೇವೆ. ರಾಸ್‌ನ ಕಥೆಯಲ್ಲೂ ನಾವು ಹುಡುಕಿದೆವು, ನಾಚಿಕೆ ಬಿಟ್ಟು ಹೇಳುತ್ತೇವೆ. ಗುಂಪಿರಲಿಲ್ಲ. ಬಿದ್ದುಹೋಗುತ್ತಿದ್ದ ಕಟ್ಟಡವನ್ನು ತೆಗೆದರು, ಅಷ್ಟೆ. ಹೊರಗಿನ ವೈರಿ ಇದ್ದಿದ್ದರೆ ನಮಗೆ ಬರೆಯಲು ಸುಲಭವಾಗುತ್ತಿತ್ತು. ಇಲ್ಲಿ ತಪ್ಪು ಹೊರಿಸಲು ನಮ್ಮ ಕೈಗೆ ಸಿಗುವುದು ಒಂದು ವಲಸೆ ಕಾಯಿದೆ, ಒಂದು ಬರಗಾಲ, ಮತ್ತು ಪ್ರೀತಿಸಿ ಮದುವೆಯಾದ ಕೆಲವು ಹುಡುಗ ಹುಡುಗಿಯರು. ಕಾಯಿದೆಯನ್ನು ಬೈಯಬಹುದು. ಬರಗಾಲವನ್ನೂ ಬೈಯಬಹುದು. ಆ ಹುಡುಗ ಹುಡುಗಿಯರನ್ನು ಬೈಯಲು ನಮಗೆ ಮನಸ್ಸಾಗಲಿಲ್ಲ. ಈ ಮಾತಿಗೆ ನಮ್ಮ ಓದುಗರಲ್ಲಿ ಹಲವರ ಒಪ್ಪಿಗೆ ಇರಲಿಕ್ಕಿಲ್ಲ.

ಈ ಜನರ ಚರಿತ್ರೆಯನ್ನು ಉಳಿಸಿದವರಲ್ಲಿ ಒಬ್ಬರು ಕ್ಯಾಥೊಲಿಕ್ ಪಾದ್ರಿ. ವಿಲಿಯಂ ಶರ್ಮನ್ ಎಂಬ ಆ ಪಾದ್ರಿ ಸಮಾಜಶಾಸ್ತ್ರದ ಅಧ್ಯಾಪಕರೂ ಆಗಿದ್ದರು. ನಾರ್ತ್ ಡಕೋಟಾದ ಸಿರಿಯನ್ನರ ಮೇಲೆ ಅವರು ಇನ್ನಿಬ್ಬರೊಡನೆ ಬರೆದ ‘ಪ್ರೇರಿ ಪೆಡ್ಲರ್ಸ್’ ಎಂಬ ಪುಸ್ತಕ 2002ರಲ್ಲಿ ಬಂತು. ಎಡ್ವರ್ಡ್ ಕರ್ಟಿಸ್ ಎಂಬ ವಿದ್ವಾಂಸರು 2022ರಲ್ಲಿ ಅಮೆರಿಕದ ಮಧ್ಯಭಾಗದ ಮುಸ್ಲಿಮರ ಬಗ್ಗೆ ಇಡೀ ಪುಸ್ತಕ ಬರೆದರು. ನಮ್ಮವರು ಮೊದಲ ಮಸೀದಿ ಎಂದು ಒಂದು ವಾಕ್ಯದಲ್ಲಿ ಮುಗಿಸಿದ್ದನ್ನು ಅವರು ಮನೆಮನೆಯ ಕಾಗದ ಹುಡುಕಿ ಬರೆದರು.

2005ರಲ್ಲಿ, ಹಳೆಯ ಮಸೀದಿ ಇದ್ದ ಕಡೆಯೇ, ಖಬರಸ್ಥಾನದ ಆವರಣದಲ್ಲಿ ಒಂದು ಪುಟ್ಟ ಮಸೀದಿ ಎದ್ದಿತು. ಆ ಊರಿನ ಅರಬ ಮನೆತನವೊಂದರ ಹೆಣ್ಣುಮಗಳು ಕೊಟ್ಟ ಹಣ ಅದಕ್ಕೆ ಮೂಲ. ಚೌಕಾಕಾರದ ಒಂದೇ ಕೋಣೆ, ಮೇಲೆ ಚಿಕ್ಕ ಗುಂಬಜ, ನಾಲ್ಕು ಮೂಲೆಗೆ ಲೋಹದ ತೆಳ್ಳಗಿನ ಮಿನಾರಗಳು. ನಮ್ಮ ಊರಿನ ಒಂದು ಸಾಧಾರಣ ಮನೆಯ ಹಜಾರದಷ್ಟಿದೆ ಅಷ್ಟೆ. ದಿನದ ಐದು ಹೊತ್ತಿನ ಬಾಂಗು ಅಲ್ಲಿಲ್ಲ. ದೂರದಿಂದ ಬಂದವರು ನಿಂತು ಎರಡು ರಕಾಅತ್ ನಮಾಝ್ ಮಾಡಿ ಹೋಗುವ ಜಾಗ.

ಇಷ್ಟರಲ್ಲಿ ಆ ಜಿಲ್ಲೆಯ ಗತಿಯೇ ಬದಲಾಯಿತು. 2006ರಲ್ಲಿ ಪಾರ್ಷಲ್ ಬಳಿ ದೊಡ್ಡ ತೈಲ ನಿಕ್ಷೇಪ ಪತ್ತೆಯಾಯಿತು. ನೆಲದ ಮೂರು ಕಿಲೋಮೀಟರ್ ಆಳದ ಬಂಡೆ ಒಡೆದು ತೈಲ ತೆಗೆಯುವ ವಿಧಾನ ಬಂದದ್ದೇ, ಖಾಲಿಯಾಗುತ್ತಿದ್ದ ಊರುಗಳಿಗೆ ದೇಶದ ಮೂಲೆಮೂಲೆಯಿಂದ ಜನ ನುಗ್ಗಿದರು. ರಾಸ್ ಸಹ ಸ್ವಲ್ಪ ದಪ್ಪವಾಯಿತು. 2000ದಲ್ಲಿ ಐವತ್ತರೊಳಗೆ ಇದ್ದ ಜನ ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ ಎರಡರಷ್ಟಾದರು. ಗೋಧಿ ಹೊಲಗಳ ನಡುವೆ ತೈಲ ಎತ್ತುವ ಯಂತ್ರಗಳು ಹಗಲೂ ರಾತ್ರಿ ತಲೆಯಾಡಿಸುತ್ತಿವೆ. ಬೆಲೆ ಇಳಿದಾಗ ಬಂದವರಲ್ಲಿ ಹಲವರು ಹೊರಟುಹೋದರು. ಆ ಬಯಲಿಗೆ ಇದು ಹೊಸ ಅನುಭವವೇನಲ್ಲ.

ಖಬರಸ್ಥಾನಕ್ಕೆ ಹೋಗುವುದು ಜಲ್ಲಿ ರಸ್ತೆಯಲ್ಲಿ. ಬಾಗಿಲ ಮೇಲೆ ಕಬ್ಬಿಣದ ಕಮಾನು, ಅದರಲ್ಲಿ ಚಂದ್ರ ಮತ್ತು ನಕ್ಷತ್ರ. ಒಳಗೆ ಇಂಗ್ಲಿಷ್ ಅಕ್ಷರದಲ್ಲಿ ಕೆತ್ತಿದ ಅರಬ ಹೆಸರುಗಳು. ಪ್ರತಿ ವರ್ಷ ಮೇ ತಿಂಗಳ ಕೊನೆಗೆ, ಅಮೆರಿಕನ್ನರು ತೀರಿಕೊಂಡ ಸೈನಿಕರನ್ನು ನೆನೆಯುವ ದಿನದ ಹೊತ್ತಿಗೆ, ಆ ಮನೆತನಗಳವರು ಬಂದು ಹುಲ್ಲು ಕತ್ತರಿಸಿ ಗೋರಿಗಳ ಸುತ್ತ ಚೊಕ್ಕಟ ಮಾಡುತ್ತಾರೆ. ಅವರಲ್ಲಿ ಮುಸ್ಲಿಮರಾಗಿ ಉಳಿದವರಿದ್ದಾರೆ, ಭಾನುವಾರ ಲೂಥರನ್ ಚರ್ಚಿಗೆ ಹೋಗುವವರೂ ಇದ್ದಾರೆ. ಗೋರಿ ಎಲ್ಲರಿಗೂ ಅಜ್ಜನದೇ.